ಅಡಿಪೋಕೈನ್‌ಗಳು ಮತ್ತು ಎರಡನೆಯ ವಿಧದ ಮಧುಮೇಹ

ಅಡಿಪೋಕೈನ್‌ಗಳು ದೇಹದ ಕೊಬ್ಬಿನ ಅಂಗಾಂಶವು ರಕ್ತಕ್ಕೆ ಸ್ರವಿಸುವ ಹಾರ್ಮೋನುಗಳು ಹಾಗೂ ಸಂಕೇತ ಪ್ರೋಟೀನುಗಳು. ಕೊಬ್ಬನ್ನು ಬಹುಕಾಲ ಕೇವಲ ಶಕ್ತಿಯ ಉಗ್ರಾಣವೆಂದು ಭಾವಿಸಲಾಗಿತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಹಾರ್ಮೋನಿನ ಜೀನನ್ನು ಗುರುತಿಸಿದ ಬಳಿಕ ಅದು ಅಂತಃಸ್ರಾವಕ ಅಂಗವೂ ಹೌದೆಂಬ ತಿಳಿವಳಿಕೆ ನೆಲೆಗೊಂಡಿತು.

ಕಾರ್ಯವಿಧಾನ

ಇವುಗಳಲ್ಲಿ ಅಡಿಪೋನೆಕ್ಟಿನ್ ವಿಲಕ್ಷಣವಾದುದು: ಕೊಬ್ಬಿನಿಂದಲೇ ಹುಟ್ಟಿದರೂ ಬೊಜ್ಜು ಹೆಚ್ಚಿದಂತೆ ಇದರ ಪ್ರಮಾಣ ಕುಗ್ಗುತ್ತದೆ. ಇದು ಸ್ನಾಯುಗಳಲ್ಲಿ ಕೊಬ್ಬಿನ ದಹನವನ್ನು ಹೆಚ್ಚಿಸಿ, ಯಕೃತ್ತಿನಲ್ಲಿ ಗ್ಲೂಕೋಸ್ ಉತ್ಪಾದನೆಯನ್ನು ತಗ್ಗಿಸುತ್ತದೆ. ಲೆಪ್ಟಿನ್ ಹಸಿವನ್ನು ತಗ್ಗಿಸುವ ಸಂಕೇತವನ್ನು ಮಿದುಳಿಗೆ ಒಯ್ಯುತ್ತದೆ. ಬೊಜ್ಜುಳ್ಳವರಲ್ಲಿ ಅದು ಯಥೇಚ್ಛವಾಗಿದ್ದರೂ ಮಿದುಳು ಸರಿಯಾಗಿ ಸ್ಪಂದಿಸುವುದಿಲ್ಲ. ಉಬ್ಬಿದ ಕೊಬ್ಬಿನ ಕೋಶಗಳ ಸುತ್ತ ಸೇರುವ ಪ್ರತಿರಕ್ಷಣಾ ಕೋಶಗಳು ಟಿಎನ್‌ಎಫ್-ಆಲ್ಫಾದಂತಹ ಉರಿಯೂತಕಾರಕಗಳನ್ನು ಬಿಡುಗಡೆ ಮಾಡಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಈ ಪ್ರತಿರೋಧವನ್ನು ಮೀರುವಷ್ಟು ಇನ್ಸುಲಿನ್ನನ್ನು ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಒದಗಿಸಲಾರದೆ ಹೋದಾಗ ರಕ್ತದ ಸಕ್ಕರೆ ಏರುತ್ತದೆ.

ಕೊಬ್ಬು ಕಡಿಮೆಯಾದರೆ ಸಾಕೆಂದು ಇದರಿಂದ ತಿಳಿಯಬಾರದು. ದೇಹದಲ್ಲಿ ಕೊಬ್ಬೇ ಇಲ್ಲವೆನ್ನುವಷ್ಟು ಕಡಿಮೆಯಿರುವ ಲೈಪೋಡಿಸ್ಟ್ರೋಫಿ ಎಂಬ ವಿರಳ ಕಾಯಿಲೆಯಲ್ಲಿಯೂ ತೀವ್ರ ಮಧುಮೇಹ ಬರುತ್ತದೆ. ಲೆಪ್ಟಿನ್ ಚುಚ್ಚುಮದ್ದು ಅದನ್ನು ಗಣನೀಯವಾಗಿ ಹತೋಟಿಗೆ ತರಬಲ್ಲದು.

ಮೈಸೂರಿನ ಅಧ್ಯಯನಗಳು

ತೆಳ್ಳಗಿರುವವರಿಗೂ ಈ ರೋಗ ಬರುವುದು ಭಾರತದಲ್ಲಿ ಸಾಮಾನ್ಯ. ಯುರೋಪಿಯನ್ನರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾದವರಲ್ಲಿ ಅಡಿಪೋನೆಕ್ಟಿನ್ ಕಡಿಮೆ, ಅದೇ ತೂಕಕ್ಕೆ ಕೊಬ್ಬಿನ ಪಾಲು ಹೆಚ್ಚು. ಈ ದೇಹರಚನೆಯ ಮೂಲವನ್ನು ಅರಸಿದವರಿಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳು ಅಪರೂಪದ ನಿಧಿಯಾದವು. 1934ರಿಂದ 1954ರ ನಡುವೆ ಅಲ್ಲಿ ಜನಿಸಿದ 506 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವು 1998ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಕಡಿಮೆ ತೂಕದ ಶಿಶುಗಳಿಗೆ ಮುಂದೆ ಮಧುಮೇಹದ ಅಪಾಯ ಹೆಚ್ಚೆಂದು ಕಂಡುಬಂದಿತ್ತು; ಮೈಸೂರಿನಲ್ಲಿಯಾದರೋ ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿ ಹಾಗೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ರೋಗ ಹೆಚ್ಚಾಗಿತ್ತು. ಅದೇ ಆಸ್ಪತ್ರೆಯ ನಂತರದ ಅಧ್ಯಯನವೊಂದರಲ್ಲಿ, ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆಯಿದ್ದ ಮೈಸೂರಿನ ನವಜಾತ ಶಿಶುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ ಇತ್ತು. ಇಲ್ಲಿ ಅಳೆದದ್ದು ದೇಹದ ಆಕಾರವನ್ನು, ಹಾರ್ಮೋನುಗಳನ್ನಲ್ಲ ಎಂಬುದನ್ನು ಗಮನಿಸಬೇಕು.

ಚಿಕಿತ್ಸೆಯಲ್ಲಿ ಬಳಕೆ

ಅಡಿಪೋಕೈನ್‌ಗಳ ಅಳತೆ ವಾಡಿಕೆಯ ಪರೀಕ್ಷೆಯಲ್ಲ. ಬದಲಿಗೆ ಸೊಂಟದ ಸುತ್ತಳತೆಯನ್ನು ನೋಡಲಾಗುತ್ತದೆ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಎಚ್ಚರಿಕೆಯ ಮಟ್ಟ. ಪಯೋಗ್ಲಿಟಜೋನ್ ಮಾತ್ರೆಯು ಅಡಿಪೋನೆಕ್ಟಿನ್ ಪ್ರಮಾಣವನ್ನು ಏರಿಸುತ್ತದೆ. ಆದರೆ ಅದು ತೂಕವನ್ನೂ ಹೆಚ್ಚಿಸುತ್ತದೆ. ಹೃದಯ ವೈಫಲ್ಯವುಳ್ಳವರಿಗೆ ಅದನ್ನು ಕೊಡುವುದಿಲ್ಲ.