ಮೆಣಸಿನಕಾಯಿ ಕಣದ ಉರಿ

16ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಅಮೆರಿಕದ ಕಾಯಿಗೆ ಕನ್ನಡಿಗರು ತಮಗೆ ಹಿಂದಿನಿಂದಲೂ ಗೊತ್ತಿದ್ದ ಮೆಣಸಿನ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಎಂದು ಕರೆದರು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯ ಹೊಲಗಳಲ್ಲಿ ಬೆಳೆದು, ಕಣದಲ್ಲಿ ಹರವಿ ಒಣಗಿಸಿ, ಚಕ್ಕಡಿಗಳಲ್ಲಿ ಸಂತೆಪೇಟೆಗೆ ಸಾಗಿದ ಈ ಸರಕು ಕಾಲಕ್ರಮದಲ್ಲಿ ತನ್ನನ್ನು ಮಾರಿದ ಊರಿನಿಂದಲೇ ಬ್ಯಾಡಗಿ ಮೆಣಸಿನಕಾಯಿ ಎನಿಸಿಕೊಂಡಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಉದ್ದನೆಯ, ಮೈತುಂಬ ಸುಕ್ಕುಗಟ್ಟಿದ ಕಡ್ಡಿ ಮತ್ತು ಗಿಡ್ಡಗೆ ದಪ್ಪಗಿರುವ ಡಬ್ಬಿ ಎಂಬ ಇದರ ಎರಡು ಬಗೆಗಳೂ ಖಾರಕ್ಕಿಂತ ಕಡುಗೆಂಪು ಬಣ್ಣಕ್ಕೇ ಬೆಲೆ ಪಡೆದವು.

ಖಾರ ಕಡಿಮೆಯೆಂದರೂ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ಉರಿಯದೆ ಇರುವುದಿಲ್ಲ. ಕೆಂಡ ಸೋಕದೆಯೂ ಕೈ ಸುಟ್ಟಂತಾಗುವುದೇಕೆ ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ದೊರೆತದ್ದು, ಬ್ಯಾಡಗಿಯನ್ನು ಒಳಗೊಂಡ ಹಾವೇರಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ. ಆ ವರ್ಷ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು, ನೋವನ್ನು ತಿಳಿಸುವ ನರಕೋಶಗಳ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು ಗುರುತಿಸಿದರು. ಈ ಕೆಲಸಕ್ಕೆ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಪ್ರೋಟೀನು ಪೊರೆಯೊಳಗಿನ ಕಿರುಬಾಗಿಲಿದ್ದಂತೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ಅದು ತೆರೆದುಕೊಳ್ಳುತ್ತದೆ, ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಬಂದು ಅಂಟಿಕೊಂಡಾಗಲೂ ಹಾಗೆಯೇ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಬೆಂಕಿಗೂ ಖಾರಕ್ಕೂ ಉರಿ ಎಂಬ ಒಂದೇ ಮಾತು ಸಲ್ಲುವುದು ಎಷ್ಟು ಸರಿಯೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಈ ಬಾಗಿಲಿನಿಂದ ಒಳಬರುವ ಕ್ಯಾಲ್ಸಿಯಂ ಅಯಾನು, ಅಂದರೆ ಧನ ವಿದ್ಯುದಂಶ ಹೊತ್ತ ಕ್ಯಾಲ್ಸಿಯಂ ಕಣ, ನರಕೋಶದ ಒಳಗಿರುವುದಕ್ಕಿಂತ ಹೊರಗಿನ ದ್ರವದಲ್ಲಿ ಸುಮಾರು 10,000 ಪಟ್ಟು ದಟ್ಟವಾಗಿರುತ್ತದೆ. ಪೊರೆಯಲ್ಲಿರುವ ಪ್ರೋಟೀನು ಪಂಪುಗಳು ಶಕ್ತಿ ವ್ಯಯಿಸಿ, ಒಳಸೇರಿದ ಕಣಗಳನ್ನು ಸದಾ ಹೊರಹಾಕುವುದರಿಂದಲೇ ಈ ಅಂತರ ಉಳಿದುಬರುತ್ತದೆ. ಬಾಗಿಲು ತೆರೆದೊಡನೆ, ತೂಬು ಎತ್ತಿದ ಕೆರೆಯ ನೀರಿನಂತೆ, ಕ್ಯಾಲ್ಸಿಯಂ ಸೋಡಿಯಂ ಕಣಗಳೊಡನೆ ಒಳನುಗ್ಗುತ್ತದೆ, ನರಕೋಶ ಕೆರಳುತ್ತದೆ, ಮಿದುಳಿಗೆ ಉರಿಯ ಸುದ್ದಿ ಮುಟ್ಟುತ್ತದೆ. ಹೀಗೆ ಒಳಬಂದ ಕ್ಯಾಲ್ಸಿಯಂ ಬಾಗಿಲನ್ನೇ ಕ್ರಮೇಣ ಮಂದಗೊಳಿಸುವುದು ಮತ್ತೂ ಸೋಜಿಗದ ಸಂಗತಿ. ಖಾರ ತಿಂದು ರೂಢಿಯಾದ ನಾಲಿಗೆ ಹೊಸಬರ ನಾಲಿಗೆಯಷ್ಟು ಬೇಗ ಕಂಗೆಡದಿರುವುದಕ್ಕೆ ಇದೂ ಒಂದು ಕಾರಣ.

ಕ್ಯಾಪ್ಸೈಸಿನ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ಬರಿಯ ನೀರು ಕುಡಿದರೆ ಬಾಯಿಯ ಉರಿ ಆರುವುದಿಲ್ಲ. ಈ ಸೀಮೆಯ ಊಟದಲ್ಲಿ ರೊಟ್ಟಿಯ ಮೇಲೆ ಕೆಂಪುಖಾರ ಬಡಿಸಿದರೆ, ಅದರ ಮಗ್ಗುಲಿಗೆ ಬೆಣ್ಣೆಯೋ ಕೆನೆಮೊಸರೋ ಬೀಳುತ್ತದೆ.