ಇಕ್ಕೇರಿಯನ್ನು ಕಂಡ ರೋಮಿನ ಪ್ರವಾಸಿ

ತಾನು ಹುಟ್ಟಿದ ಊರನ್ನೇ ಅಳತೆಗೋಲಾಗಿ ಹಿಡಿದು ಪರಸ್ಥಳಗಳನ್ನು ಅಳೆಯುವುದು ಪ್ರವಾಸಿಗಳಲ್ಲಿ ಸಾಮಾನ್ಯವಾದ ದೋಷ. ಈ ದೋಷವು ಅಲ್ಪವಾಗಿದ್ದವರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು ಗಣ್ಯನು. 1586ರಲ್ಲಿ ರೋಮಿನ ಕುಲೀನ ಮನೆತನದಲ್ಲಿ ಜನಿಸಿದ ಈತನು 1614ರಲ್ಲಿ ವೆನಿಸಿನಿಂದ ಹಡಗನ್ನೇರಿ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಇಸ್ಫಹಾನ್ ನಗರಗಳನ್ನು ಕಂಡು, 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಗೇರುಸೊಪ್ಪೆಯ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದನು. ಆಗ ಅಲ್ಲಿ ಕೆಳದಿಯ ವೆಂಕಟಪ್ಪನಾಯಕನು ಆಳುತ್ತಿದ್ದನು. ಕಾನ್‌ಸ್ಟಾಂಟಿನೋಪಲಿನಲ್ಲಿ ಜನರು ಕೂಡಿ ಕುಳಿತು ಸೇವಿಸುತ್ತಿದ್ದ ಕಾಫಿಯೆಂಬ ಕರಿಯ ಪಾನೀಯದ ವಿಚಾರವನ್ನು ನೇಪಲ್ಸಿನ ತನ್ನ ವೈದ್ಯಮಿತ್ರನಿಗೆ ಈತನು 1615ರಲ್ಲಿಯೇ ಬರೆದಿದ್ದನು. ಬಾಬಾಬುಡನ್ನರು ಅದೇ ಬೀಜವನ್ನು ಚಂದ್ರದ್ರೋಣಪರ್ವತಕ್ಕೆ ತಂದರೆಂಬ ಐತಿಹ್ಯವೂ ಆ ಶತಮಾನಕ್ಕೇ ಸೇರಿದುದಾದುದರಿಂದ, ಮೂಡಿಗೆರೆ ಕಳಸಗಳ ವಾಚಕರಿಗೆ ಈತನು ತೀರ ಪರಕೀಯನಲ್ಲ.

ಕಲ್ಲು ಸುಣ್ಣಗಳ ಸೌಧಗಳು ಒತ್ತಾಗಿ ನಿಂತ ರೋಮ್ ವೆನಿಸ್‌ಗಳನ್ನು ಕಂಡಿದ್ದ ಕಣ್ಣಿಗೆ ಇಕ್ಕೇರಿಯ ಮನೆಗಳು ವಿರಳವಾಗಿಯೂ ಸಾಧಾರಣವಾಗಿಯೂ ತೋರಿದವು. ಅದನ್ನು ಆತನು ಮರೆಮಾಚಿಲ್ಲ. ಕೋಟೆಯ ಮೂರು ಸುತ್ತುಗಳಲ್ಲಿ ಎರಡು ಗೋಡೆಗಳೇ ಅಲ್ಲ, ದಟ್ಟವಾಗಿ ಬೆಳೆಸಿದ ಬಿದಿರಿನ ಮೆಳೆಗಳು! ಆದರೂ ನೀಳವಾದ ಬೀದಿಗಳು, ಹೆಮ್ಮರಗಳ ನೆರಳು, ನಡುನಡುವೆ ಕೆರೆಗಳು, ತೋಪುಗಳು, ಇವೆಲ್ಲ ಬೆರೆತು ಪುರವೋ ಸರೋವರವೋ ವನವೋ ಎನ್ನುವಂತಿದ್ದ ಆ ನೋಟವು ಅತ್ಯಂತ ರಮ್ಯವೆಂದು ಬರೆದನು. ಊರಿನೊಳಗೆ ಕಾಡನ್ನು ಕಂಡು ಹೀಗಳೆಯದೆ ಅದರ ಸೊಬಗನ್ನು ಗುರುತಿಸಿದ್ದು ಮಲೆನಾಡಿನವರು ಮೆಚ್ಚತಕ್ಕ ಗುಣ.

ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ಆತನು ಕಂಡ ದೃಶ್ಯವು ಇನ್ನೂ ಅಮೂಲ್ಯವಾದುದು. ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿಕೊಂಡು, ರಾಗವಾಗಿ ಅಂಕಿಗಳನ್ನು ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದರು. ಉಪಾಧ್ಯಾಯರು ಬಳಿಯಲ್ಲಿರಲಿಲ್ಲ. ಮರೆತರೆ ತಿದ್ದುವವರಾರೆಂದು ಆತನು ಕೇಳಲು, ನಾಲ್ವರೂ ಏಕಕಾಲದಲ್ಲಿ ಮರೆಯುವುದು ಅಸಾಧ್ಯವೆಂದು ಹುಡುಗರು ಉತ್ತರವಿತ್ತರು. ಮುಂದೆ ಮದರಾಸಿನಲ್ಲಿ ಮರಳಿನ ಮೇಲಣ ಬರೆಹವನ್ನು ಕಂಡ ಆಂಡ್ರ್ಯೂ ಬೆಲ್ಲನು 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ ಶಿಕ್ಷಣಕ್ರಮವು ಇದಕ್ಕೆ ಸಮೀಪವಾದುದೇ. ನಮ್ಮ ಕವಿಗಳೂ ಶಾಸನಕಾರರೂ ಇಂತಹ ಜಗಲಿಶಾಲೆಯನ್ನು ವರ್ಣನೆಗೆ ಅರ್ಹವೆಂದು ಎಣಿಸಿದ್ದು ವಿರಳ. ನಿತ್ಯವೂ ಕಾಣುವುದನ್ನು ಬರೆಯುವವರಾರು?

ಆದರೆ ಪರದೇಶಿಯ ಮೆಚ್ಚಿಕೆಯೆಲ್ಲವೂ ಗ್ರಾಹ್ಯವಲ್ಲ. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಆತನು ಆಕೆಯ ಮನೆಯಲ್ಲಿಯೇ ಕಂಡು ಮಾತನಾಡಿಸಿದನು. ಆತನು ಬರೆದುಕೊಂಡ ರೀತಿಯನ್ನು ನೋಡಿದರೆ ಆಕೆಯ ಹೆಸರು ಜಕ್ಕಮ್ಮ ಎಂದಿರಬೇಕು. ಎಳೆಯ ಮಕ್ಕಳ ನೆನಪು ಹೇಳಿ ಬೇಡವೆಂದನು. ಆಕೆ ನಗುನಗುತ್ತಲೇ ಒಪ್ಪದೆ ಹೋದಳು. ಕಡೆಗೆ ಆಕೆಯ ಧೈರ್ಯವನ್ನು ತನ್ನ ಪದ್ಯಗಳಲ್ಲಿ ಕೀರ್ತಿಸುವೆನೆಂದು ಮಾತುಕೊಟ್ಟನು. ಕೀರ್ತಿಯಿಂದ ಆ ಮಕ್ಕಳಿಗೆ ಒದಗಿದುದೇನು? ಹಾಗೆಂದು ಆತನನ್ನು ಹೃದಯಹೀನನೆನ್ನಲಾಗದು. ಬಾಗ್ದಾದಿನಲ್ಲಿ ಆತನು ವರಿಸಿದ್ದ ಸಿತ್ತಿ ಮಾನಿಯು 1621ರಲ್ಲಿ ಪರ್ಷಿಯಾದಲ್ಲಿ ಮೃತಳಾಗಿದ್ದಳು. ಆಕೆಯ ಕಳೇಬರವನ್ನು ಸುಗಂಧದ್ರವ್ಯಗಳಿಂದ ಸಂರಕ್ಷಿಸಿ, ಪೆಟ್ಟಿಗೆಯಲ್ಲಿಟ್ಟು, ಸಮುದ್ರಗಳನ್ನು ದಾಟಿಸಿ, 1626ರಲ್ಲಿ ರೋಮನ್ನು ಸೇರಿದ ಬಳಿಕ ತನ್ನ ವಂಶದವರ ಸಮಾಧಿಯಲ್ಲಿಯೇ ಇರಿಸಿದನು.