ಸಾಣೆಕಲ್ಲಿನ ಪರಿಮಳ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣ ಸೇರುವ ಮುನ್ನ ಕೆಂಗಲ್ ಆಂಜನೇಯನ ಗುಡಿ ಎದುರಾಗುತ್ತದೆ. ಅದರ ಸಮೀಪದ ಒಂದು ಹಳ್ಳಿ ನನ್ನ ತಾಯಿಯ ತವರು. ಎಣ್ಣೆನೀರಿನ ದಿನ ಅಜ್ಜಿ ನಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುತ್ತಿದ್ದರು. ಚಳಿಗಾಲವಾದರೆ ಒದ್ದೆಕೂದಲಿಗೆ ಸಾಂಬ್ರಾಣಿಯ ಹೊಗೆ; ಬೇಸಗೆಯಾದರೆ ಬೆರಳುದ್ದದ ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಣೆಗೂ ಕತ್ತಿಗೂ ತೆಳುವಾದ ಲೇಪ. 'ಇನ್ನೊಂಚೂರು ಹಚ್ಚಜ್ಜಿ' ಎಂದರೆ, 'ಸಾಕು ಮಗ, ವಾಸ್ನೆ ನಿಂಗೆ ಗೊತ್ತಾದ್ರೆ ಸಾಕು, ಊರಿಗೆಲ್ಲ ಯಾಕೆ?' ಎನ್ನುತ್ತಿದ್ದರು.

ಆ ಮಾತಿನ ಹಿಂದೆ ದೀರ್ಘವಾದ ಪರಂಪರೆಯೊಂದಿದೆಯೆಂದು ತಿಳಿದದ್ದು ಬಹುಕಾಲದ ಮೇಲೆ. ವಾಗ್ಭಟನ ಋತುಚರ್ಯೆಯು ಹೇಮಂತಕ್ಕೆ ಕಸ್ತೂರಿ, ಕೇಸರಿ, ಅಗರುಧೂಪಗಳನ್ನೂ ಗ್ರೀಷ್ಮಕ್ಕೆ ಚಂದನವನ್ನೂ ವಿಧಿಸುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯನು—ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಅದೇ ಹೆಸರಿನ ಮತ್ತೊಬ್ಬನು—ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಅಂತರ್ಜಲ, ಗಿಡಮರ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ವಿವರಿಸುವಾಗ ಸ್ನಾನ, ವಿಲೇಪನ, ಧೂಪಗಳನ್ನು ಮರೆಯಲಿಲ್ಲ. ಇವರ ಪಾಲಿಗೆ ಪರಿಮಳವೆಂಬುದು ಕಾಲವನ್ನೂ ಮೈಯನ್ನೂ ನೋಡಿ ಆರಿಸಿಕೊಳ್ಳಬೇಕಾದ ವಸ್ತು.

ಈ ಆಯ್ಕೆಯಲ್ಲಿ ಶ್ರೀಗಂಧಕ್ಕೆ ಮೇಲಿನ ಮಣೆ ದೊರೆತದ್ದು ಅಕಾರಣವಲ್ಲ. ಅದರ ಎಣ್ಣೆಯ ಮುಖ್ಯಾಂಶವಾದ ಸ್ಯಾಂಟಲಾಲ್ ಬಹಳ ನಿಧಾನವಾಗಿ ಆವಿಯಾಗುತ್ತದೆ. ಆದುದರಿಂದಲೇ ಅದು ಮೂಗಿಗೆ ಹೊಡೆಯುವುದಿಲ್ಲ. ಮೆಲ್ಲನೆ ಬಂದು ಬಹುಹೊತ್ತು ನಿಲ್ಲುತ್ತದೆ.

ಆದರೆ ಇಷ್ಟು ಸೌಮ್ಯವಾದ ಮರದ ಚರಿತ್ರೆ ಸೌಮ್ಯವಾದುದಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ದೊರೆಗಳು ಬದಲಾದರೂ ಆ ಹಕ್ಕನ್ನು ಯಾರೂ ಬಿಟ್ಟುಕೊಡಲಿಲ್ಲ. ಮೊದಲನೆಯ ಮಹಾಯುದ್ಧದಿಂದ ಕೊರಡಿನ ರಫ್ತು ಕುಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಎಣ್ಣೆಯನ್ನು ನಮ್ಮಲ್ಲಿಯೇ ಬಟ್ಟಿಯಿಳಿಸುವ ಕೆಲಸ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ ಆ ಎಣ್ಣೆ ಸಾಬೂನಾಗಿ ಸಾಮಾನ್ಯರ ಬಚ್ಚಲಿಗೂ ಬಂದಿತು.

ಈ ಕೆಂಗಲ್ಲಿನ ಹೆಸರನ್ನೇ ಹೊತ್ತ ಹನುಮಂತಯ್ಯನವರು 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದರು. ಅಲ್ಲಿ ಸಚಿವ ಸಂಪುಟ ಸೇರುವ ಕೊಠಡಿಗೆ ಕೆತ್ತನೆಯ ಗಂಧದ ಬಾಗಿಲು. ರಾಜವೃಕ್ಷವು ಪ್ರಜಾರಾಜ್ಯದ ಹೊಸ್ತಿಲಿಗೆ ಬಂದಿತ್ತು. ರೈತನ ಬೇಲಿಗೆ ಮಾತ್ರ ಬಂದಿರಲಿಲ್ಲ.

ಬೇಲಿಯೆಂದೊಡನೆ ತಾತ ನೆನಪಾಗುತ್ತಾರೆ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿ, ಹೊಲದಂಚಿನಲ್ಲಿ ಗಂಧದ ಸಸಿಗಳು ತಾವಾಗಿಯೇ ಏಳುತ್ತಿದ್ದವು. ತಾತ ಅವನ್ನು ಕಂಡಕಂಡಲ್ಲಿ ಕಿತ್ತೆಸೆಯುತ್ತಿದ್ದರು. ನೆಲ ನಮ್ಮದಾದರೂ ಮರ ಸರ್ಕಾರದ್ದು. ಕಳ್ಳರು ಕಡಿದರೆ ಉತ್ತರ ಹೇಳಬೇಕಾದವನು ನೆಲದ ಒಡೆಯ. ಒಳಗೆ ಅಜ್ಜಿ ಗಂಧ ತೇಯುತ್ತಿದ್ದ ಮನೆಯ ಹೊರಗೆ ತಾತ ಗಂಧವನ್ನು ಬೇರುಸಹಿತ ಕೀಳುತ್ತಿದ್ದರು. ಮನಸ್ಸನ್ನು ತಣಿಸುವ ಪರಿಮಳವೂ ನಿದ್ದೆಗೆಡಿಸುವ ಭಯವೂ ಒಂದೇ ಮರದಿಂದ ಬರುತ್ತಿದ್ದವು!

2001ರ ತಿದ್ದುಪಡಿಯಿಂದ ಮರದ ಒಡೆತನ ನೆಲದವನಿಗೆ ದಕ್ಕಿತು. ಅದನ್ನು ಕಾಣಲು ತಾತ ಇರಲಿಲ್ಲ. ಕಳೆದ ಸಲ ಹೋದಾಗ, ಸೋದರಮಾವನ ಮಗ ಅದೇ ಬೇಲಿಯಲ್ಲಿ ತಾನೇ ನೆಟ್ಟ ಐದು ಸಸಿಗಳನ್ನು ತೋರಿಸಿದ. ಕಳ್ಳರ ಅಂಜಿಕೆ ಅವನಿಗೂ ತಪ್ಪಿದ್ದಲ್ಲ, ಆದರೂ ನೆಟ್ಟಿದ್ದಾನೆ. ಅವು ಬಲಿತು ಚೇಗು ಕಟ್ಟಲು ಹಲವು ವರ್ಷ ಬೇಕು. ಅಷ್ಟು ಕಾಲ ನಾನಿರುವೆನೆಂಬ ಭರವಸೆಯಿಲ್ಲ. ಅಜ್ಜಿಯ ಸಾಣೆಕಲ್ಲನ್ನು ಅವನ ಮಗಳ ಕೈಗೆ ಕೊಟ್ಟು ಬಂದಿದ್ದೇನೆ.